ಹಳದಿ ಪಿನ್ನು ಬಿಡಿ, ಹಸಿರು ಹಿಡಿಯಿರಿ

ಹೋದ ತಿಂಗಳು ಒಬ್ಬರು ತಮ್ಮ ಪೆಟ್ಟಿಗೆ ಟಿವಿ, ಡಿವಿಡಿ ಪ್ಲೇಯರ್ ಎರಡನ್ನೂ ಆಟೋದಲ್ಲಿ ಹಾಕಿಕೊಂಡು ನನ್ನ ರಿಪೇರಿ ಅಂಗಡಿಗೆ ತಂದರು. ಮಗಳ ಮದುವೆಯ ಡಿವಿಡಿ ಹಾಕಿದರೆ ಅಳಿಯನ ಸಣ್ಣ ಗೀಟಿನ ಅಂಗಿಯ ಮೇಲೆ ಕಾಮನಬಿಲ್ಲು ಮೂಡುತ್ತಿತ್ತು. ಸೀರೆಯ ಕೆಂಪಂಚಿನ ಗುಂಟ ಇರುವೆ ಸಾಲಿನ ಹಾಗೆ ಚುಕ್ಕಿಗಳು ಹರಿಯುತ್ತಿದ್ದವು. ಪಿಕ್ಚರ್ ಟ್ಯೂಬೇ ಹೋಯಿತೇನೋ ಎಂದು ಪಾಪ ಹೆದರಿದ್ದರು. ಟ್ಯೂಬು ಗಟ್ಟಿಮುಟ್ಟಾಗಿತ್ತು. ತೊಂದರೆ ಇದ್ದದ್ದು ಹಳದಿ ಪಿನ್ನಿನಲ್ಲಿ.

ಹಳದಿ ಪಿನ್ನಿನದು ಕಾಂಪೋಸಿಟ್ ಸಂಪರ್ಕ. ಚಿತ್ರದ ಬೆಳಕು, ಬಣ್ಣ ಎರಡೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಈ ಬೆರಕೆಗೆ ಕಾರಣವಿದೆ. 1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ನಮ್ಮಲ್ಲಿ ಬಣ್ಣದ ಪ್ರಸಾರ ಬಂದಾಗ, ಮನೆಗಳಲ್ಲಿದ್ದ ಕಪ್ಪು-ಬಿಳುಪು ಸೆಟ್ಟುಗಳಲ್ಲೂ ಅದೇ ಪ್ರಸಾರ ಕಾಣಬೇಕಿತ್ತು. ಹಾಗಾಗಿ ಪಾಲ್ ಪದ್ಧತಿಯಲ್ಲಿ ಬಣ್ಣವನ್ನು 4.43 ಮೆಗಾಹರ್ಟ್ಸ್ ಅಲೆಯ ಮೇಲೆ ಕೂರಿಸಿ ಬೆಳಕಿನ ಜೊತೆಗೇ ಕಳಿಸುತ್ತಾರೆ. ಹಾಲು-ನೀರು ಬೇರ್ಪಡಿಸಲು ಟಿವಿ ಹಂಸವಲ್ಲ. ಅಂಗಿಯ ಸಣ್ಣ ಗೀಟು ಆ ಅಲೆಯ ಹತ್ತಿರಕ್ಕೆ ಬಂದರೆ ಅದನ್ನೇ ಬಣ್ಣವೆಂದು ತಿಳಿಯುತ್ತದೆ. ಬಣ್ಣವನ್ನು ಬೆಳಕೆಂದು ತಿಳಿದಾಗ ಚುಕ್ಕಿ ಹರಿಯುತ್ತವೆ. ಆಂಟೆನಾ ಸಾಕೆಟ್ಟಿಗೆ ಸಿಕ್ಕಿಸಿದರೆ ಇದರ ಮೇಲೆ ಮಂಕೂ ಸೇರುತ್ತದೆ.

ನಾಲ್ಕು ಕಡ್ಡಿಯ ಎಸ್-ವಿಡಿಯೊದಲ್ಲಿ ಬೆಳಕು, ಬಣ್ಣ ಬೇರೆ ಬೇರೆ. ಅಷ್ಟಕ್ಕೇ ಕಾಮನಬಿಲ್ಲು ಮಾಯ. ಇನ್ನೂ ಮೇಲಿನದು ಕಾಂಪೊನೆಂಟ್: ಹಸಿರು, ನೀಲಿ, ಕೆಂಪು, ಮೂರು ತಂತಿ. ಡಿವಿಡಿಯಲ್ಲಿ ಚಿತ್ರ ತುಂಬಿಸಿರುವುದೇ ಬೆಳಕನ್ನೂ ಬಣ್ಣವನ್ನೂ ಬೇರೆಯಾಗಿಟ್ಟು. ಅದನ್ನು ದಾರಿಯಲ್ಲಿ ಯಾಕೆ ಕಲಸಬೇಕು?

ಅವರೆದುರಿಗೇ ಮೊದಲು ಹಸಿರು ಪಿನ್ನೊಂದನ್ನೇ ಸಿಕ್ಕಿಸಿದೆ. ಮದುವೆ ಮಂಟಪ ಕಪ್ಪು-ಬಿಳುಪಿನಲ್ಲಿ ಬಂತು. ಅಂಗಿಯ ಗೀಟುಗಳನ್ನು ಎಣಿಸಬಹುದಿತ್ತು. ಬೆಳಕೆಲ್ಲ ಆ ಒಂದೇ ತಂತಿಯಲ್ಲಿದೆ. ನೀಲಿ, ಕೆಂಪು ಸೇರಿಸಿದ ಕೂಡಲೇ ಬಣ್ಣ ತುಂಬಿಕೊಂಡಿತು. ಸೀರೆಯಂಚು ಅಲುಗಾಡದೆ ನಿಂತಿತು. ಅವರು ಕುರ್ಚಿ ಎಳೆದುಕೊಂಡು ಧಾರೆ ಮುಗಿಯುವ ತನಕ ನೋಡಿದರು.

ಚಿನ್ನದ ಲೇಪದ ದುಬಾರಿ ಕೇಬಲ್ ಬೇಕೇ ಎಂದು ಕೇಳಿದರು. ಒಂದೂವರೆ ಮೀಟರಿಗೆ ಖಂಡಿತ ಬೇಡ. 75 ಓಮಿನ, ಒಳ್ಳೆಯ ಶೀಲ್ಡಿನ ಸಾಧಾರಣ ತಂತಿಯೇ ಧಾರಾಳ. ವಿಎಚ್‌ಎಸ್ ಕ್ಯಾಸೆಟ್ಟಿಗಾದರೆ ಕಾಂಪೊನೆಂಟಿನಿಂದಲೂ ಹೆಚ್ಚು ಲಾಭವಿಲ್ಲ, ಟೇಪಿನಲ್ಲೇ ಅಷ್ಟು ವಿವರ ಇರುವುದಿಲ್ಲ.

ಎಚ್ಚರ ಬೇಕಾದದ್ದು ಒಂದೇ: ಧ್ವನಿಯ ಪಿನ್ನೂ ಕೆಂಪು, ಚಿತ್ರದ್ದೂ ಕೆಂಪು. ಅದಲುಬದಲಾದರೆ ಬಣ್ಣ ಕೆಡುತ್ತದೆ, ಸ್ಪೀಕರ್ ಗುಂಯ್‌ಗುಡುತ್ತದೆ. ಚಿತ್ರದ ಕೆಂಪು ಪಿನ್ನಿಗೆ ಎರಡೂ ತುದಿಯಲ್ಲಿ ಕಪ್ಪು ಟೇಪು ಸುತ್ತಿ ಕೊಟ್ಟು ಕಳಿಸಿದೆ.