‘ಟನ್’: ಶಬ್ದ ಒಂದು, ಅಳತೆ ಹಲವು

ಸಿಂಧನೂರಿನ ಅಕ್ಕಿ ಗಿರಣಿಗಳ ಸಾಮರ್ಥ್ಯವನ್ನು ತಾಸಿಗೆ ಇಷ್ಟು ಟನ್ ಎಂದು ಹೇಳಲಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಅದಿರಿನ ಗುಣಮಟ್ಟವನ್ನು ಟನ್ನಿಗೆ ಇಷ್ಟು ಗ್ರಾಂ ಚಿನ್ನ ಎಂಬ ಲೆಕ್ಕದಲ್ಲಿ ಅಳೆಯುತ್ತಾರೆ. ಮಸ್ಕಿಯ ಅಂಗಡಿಗೆ ಕೊಂಡು ತರುವ ಎ.ಸಿ.ಯೂ ‘ಒಂದೂವರೆ ಟನ್’ನದು. ಮೊದಲ ಎರಡು ತೂಕದ ಮಾತು. ಮೂರನೆಯದಕ್ಕೂ ಯಂತ್ರದ ತೂಕಕ್ಕೂ ಸಂಬಂಧವೇ ಇಲ್ಲ.

ಪೀಪಾಯಿಯಿಂದ ತೂಕಕ್ಕೆ

ಹಳೆಯ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ದೊಡ್ಡ ಪೀಪಾಯಿ ಎಂಬ ಅರ್ಥವಿತ್ತು. ದ್ರಾಕ್ಷಾರಸವನ್ನು ಸಾಗಿಸುತ್ತಿದ್ದ ಹಡಗುಗಳ ಗಾತ್ರವನ್ನು ಅವು ಹೊರಬಲ್ಲ ಪೀಪಾಯಿಗಳ ಸಂಖ್ಯೆಯಿಂದ ಗುರುತಿಸುವ ರೂಢಿ ಬೆಳೆಯಿತು. ತುಂಬಿದ ಪೀಪಾಯಿಯ ಭಾರವೇ ಮುಂದೆ ತೂಕದ ಮಾನವಾಯಿತು. ಹಡಗಿನ ಸಾಮರ್ಥ್ಯವನ್ನು ಸೂಚಿಸುವ ‘ಟನ್ನೇಜ್’ ಶಬ್ದವೂ ಇದರಿಂದಲೇ ಬಂದಿತು.

ಮೂರು ಬಗೆಯ ತೂಕ

ಇಂಗ್ಲೆಂಡಿನಲ್ಲಿ 20 ಹಂಡ್ರೆಡ್‌ವೇಟ್‌ಗಳಿಗೆ ಒಂದು ಟನ್. ಅಲ್ಲಿ ಒಂದು ಹಂಡ್ರೆಡ್‌ವೇಟ್ ಎಂದರೆ 112 ಪೌಂಡ್. ಅಮೆರಿಕದಲ್ಲಿ 100 ಪೌಂಡ್ ಮಾತ್ರ. ಹೀಗಾಗಿ 2,240 ಪೌಂಡಿನ ‘ಲಾಂಗ್ ಟನ್’ ಸುಮಾರು 1,016 ಕೆ.ಜಿ. ಆದರೆ, 2,000 ಪೌಂಡಿನ ‘ಶಾರ್ಟ್ ಟನ್’ ಸುಮಾರು 907 ಕೆ.ಜಿ. ಆಗುತ್ತದೆ. ಮೆಟ್ರಿಕ್ ಟನ್ ಸರಿಯಾಗಿ 1,000 ಕೆ.ಜಿ., ಅಂದರೆ 10 ಕ್ವಿಂಟಲ್. 1956ರ ತೂಕ ಮತ್ತು ಅಳತೆ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡ ಭಾರತದಲ್ಲಿ ಚಾಲ್ತಿಯಲ್ಲಿರುವುದು ಇದೇ.

ಈ ವ್ಯತ್ಯಾಸ ಅಲ್ಪವಲ್ಲ. 100 ಮೆಟ್ರಿಕ್ ಟನ್ನಿಗೂ 100 ಶಾರ್ಟ್ ಟನ್ನಿಗೂ 9,282 ಕೆ.ಜಿ. ಅಂತರವಿದೆ, 75 ಕೆ.ಜಿ. ಭತ್ತದ ಚೀಲದ ಲೆಕ್ಕದಲ್ಲಿ 123 ಚೀಲಗಳಿಗೂ ಹೆಚ್ಚು.

ತೂಕವಲ್ಲದ ಟನ್

ವಿದ್ಯುತ್ ಶೈತ್ಯಯಂತ್ರಗಳಿಗೆ ಮೊದಲು ತಂಪಿಗೆ ಮಂಜುಗಡ್ಡೆಯೇ ಆಧಾರವಾಗಿತ್ತು. 0 ಡಿಗ್ರಿಯಲ್ಲಿರುವ ಒಂದು ಶಾರ್ಟ್ ಟನ್ ಮಂಜುಗಡ್ಡೆ 24 ತಾಸುಗಳಲ್ಲಿ ಕರಗುವಾಗ ಹೀರುವ ಉಷ್ಣದ ಪ್ರಮಾಣವೇ ಶೈತ್ಯೀಕರಣದ ಒಂದು ಟನ್. ಇದು ಸುಮಾರು 3.5 ಕಿಲೋವ್ಯಾಟ್. ಇದು ಹೊರಹಾಕುವ ಉಷ್ಣದ ಲೆಕ್ಕವೇ ಹೊರತು ಯಂತ್ರ ಬಳಸುವ ವಿದ್ಯುತ್ತಿನದಲ್ಲ. ಶೀತಲಗೃಹ ಕಟ್ಟಿಸುವವರ ಕಾಗದಪತ್ರಗಳಲ್ಲಿ ಎರಡೂ ಟನ್ನುಗಳು ಬರುತ್ತವೆ: ದಾಸ್ತಾನಿನ ಟನ್ ತೂಕ, ಯಂತ್ರದ ಟನ್ ತಂಪು.

ಹಡಗಿನ ಸಾಗಣೆಯಲ್ಲಿ ಇನ್ನೊಂದು ಲೆಕ್ಕವಿದೆ. ಇತರರ ಸರಕಿನೊಡನೆ ಒಂದೇ ಕಂಟೇನರಿನಲ್ಲಿ ಮಾಲು ಕಳುಹಿಸುವಾಗ, ಸಾಮಾನ್ಯವಾಗಿ 1,000 ಕೆ.ಜಿ. ಅಥವಾ ಒಂದು ಘನ ಮೀಟರ್ ಅನ್ನು ಒಂದು ಟನ್ ಎಂದು ಎಣಿಸಿ, ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ ವಿಧಿಸುತ್ತಾರೆ. 400 ಕೆ.ಜಿ. ತೂಗುವ ಹಗುರ ಸರಕು ಎರಡು ಘನ ಮೀಟರ್ ಜಾಗ ಹಿಡಿದರೆ ಎರಡು ಟನ್ನಿನ ಬಾಡಿಗೆ ತೆರಬೇಕಾಗುತ್ತದೆ.

ವರ್ತಕರು ಗಮನಿಸಬೇಕಾದುದು

ಕರಾರುಪತ್ರದಲ್ಲಿ ಬರಿಯ ‘ಟನ್’ ಎಂದು ಬರೆಯದೆ ‘ಮೆಟ್ರಿಕ್ ಟನ್’ ಎಂದು ಬರೆದು, ಕಿಲೋಗ್ರಾಂ ಲೆಕ್ಕವನ್ನೂ ನಮೂದಿಸುವುದು ಕ್ಷೇಮ. ವಿದೇಶಿ ಯಂತ್ರದ ದರಪಟ್ಟಿ ಬಂದಾಗ ಅದು ಯಾವ ಟನ್ ಎಂದು ಲಿಖಿತವಾಗಿ ಕೇಳಿ ಪಡೆಯಬೇಕು. ಶೈತ್ಯಯಂತ್ರದ ಸಾಮರ್ಥ್ಯವನ್ನು ಕಿಲೋವ್ಯಾಟ್‌ನಲ್ಲಿಯೂ ಬರೆಸಿಕೊಳ್ಳಬೇಕು. ಸರಕು ಕಳುಹಿಸುವ ಮುನ್ನ ತೂಕದ ಜೊತೆಗೆ ಗಾತ್ರವನ್ನೂ ಅಳೆಯಬೇಕು. ಮಾಲು ಬಂದಿಳಿದ ಮೇಲೆ ಶಬ್ದದ ಅರ್ಥಕ್ಕಾಗಿ ವಾದಿಸುವುದಕ್ಕಿಂತ, ಸಹಿ ಹಾಕುವ ಮೊದಲೇ ಒಂದು ಸಾಲು ಹೆಚ್ಚಿಗೆ ಬರೆಯುವುದು ಲಾಭದಾಯಕ.