ತಿದ್ದಿದ ತಂತ್ರಾಂಶವನ್ನು ನಂಬುವುದು ಹೇಗೆ?

ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಬರುವ ಡೀಸೆಲ್ ಕಾರಿನ ಎಂಜಿನ್, ಪ್ರಯೋಗಾಲಯದ ಉರುಳೆಗಳ ಮೇಲೆ ಓಡುವಾಗಿಗಿಂತ ಬಹಳ ಹೆಚ್ಚು ದುಡಿಯಬೇಕು. ಏರಿನಲ್ಲಿ ಇಂಧನ ಹೆಚ್ಚು ಉರಿದು ಸಿಲಿಂಡರಿನ ಉಷ್ಣತೆ ಏರಿದಾಗ ಗಾಳಿಯಲ್ಲಿರುವ ನೈಟ್ರೊಜನ್ ಮತ್ತು ಆಕ್ಸಿಜನ್ ಕೂಡಿ ನೈಟ್ರೊಜನ್ ಆಕ್ಸೈಡುಗಳಾಗುತ್ತವೆ. ಶ್ವಾಸಕೋಶಕ್ಕೆ ಹಾನಿಕರವಾದ ಈ ಅನಿಲಗಳನ್ನು ತಗ್ಗಿಸಲು ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಸಿಲಿಂಡರಿಗೆ ಕಳಿಸುತ್ತಾರೆ. ಹೊಗೆಯಲ್ಲಿ ಆಕ್ಸಿಜನ್ ಕಡಿಮೆ ಇರುವುದರಿಂದ ದಹನದ ಉಷ್ಣತೆ ಇಳಿಯುತ್ತದೆ. ಆದರೆ ಮಸಿ ಹೆಚ್ಚುತ್ತದೆ, ಕವಾಟಕ್ಕೆ ಮೆತ್ತಿಕೊಳ್ಳುತ್ತದೆ. ಎಷ್ಟು ಹೊಗೆಯನ್ನು ಯಾವಾಗ ಮರಳಿಸಬೇಕು ಎಂಬುದನ್ನು ನಿರ್ಧರಿಸುವುದು ತಂತ್ರಾಂಶ.

ಫೋಕ್ಸ್‌ವ್ಯಾಗನ್ ಕಂಪನಿಯ ಮೋಸ ಅಡಗಿದ್ದುದು ಈ ತಂತ್ರಾಂಶದಲ್ಲಿಯೇ. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿದಾಗ ಮಾತ್ರ ಕಾರು ಶುದ್ಧವಾಗಿ ಓಡುತ್ತಿತ್ತು. 2013ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯ ವಿಶ್ವವಿದ್ಯಾಲಯದ ತಂಡವೊಂದು ಅಳೆಯುವ ಉಪಕರಣವನ್ನು ಕಾರಿಗೇ ಹೇರಿ ರಸ್ತೆಗಿಳಿಸಿತು. ಫೋಕ್ಸ್‌ವ್ಯಾಗನ್ನಿನ ಜೆಟ್ಟಾ ಕಾರು ಮಿತಿಯ 15ರಿಂದ 35 ಪಟ್ಟು ನೈಟ್ರೊಜನ್ ಆಕ್ಸೈಡುಗಳನ್ನು ಉಗುಳಿತು. ಈ ತಂಡದಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಅವರೂ ಇದ್ದರು.

ಮುಂದಿನದು ಹೆಚ್ಚು ಸ್ವಾರಸ್ಯಕರ. 2014ರ ಡಿಸೆಂಬರಿನಲ್ಲಿ ಕಂಪನಿ ಅಮೆರಿಕದಲ್ಲಿ ಸುಮಾರು 5 ಲಕ್ಷ ಕಾರುಗಳನ್ನು ಕರೆಸಿ ತಂತ್ರಾಂಶ ತಿದ್ದಲು ಮುಂದಾಯಿತು. ಕ್ಯಾಲಿಫೋರ್ನಿಯದ ವಾಯು ಮಂಡಳಿ ಮತ್ತೆ ಅಳೆದು ನೋಡಿದರೆ ಹೊಗೆ ಮಿತಿ ಮೀರಿಯೇ ಇತ್ತು! ಹಗರಣ ಬಯಲಾದದ್ದು 2015ರ ಸೆಪ್ಟೆಂಬರಿನಲ್ಲಿ. ಅಂದರೆ ಮೊದಲ 'ತಿದ್ದುಪಡಿ' ಹಗರಣದ ಭಾಗವೇ ಆಗಿತ್ತು. ಭಾರತದಲ್ಲಿಯೂ ಪುಣೆಯ ಎಆರ್‌ಎಐ ಸಂಸ್ಥೆಯ ಪರೀಕ್ಷೆಗಳ ನಂತರ, 2015ರ ಡಿಸೆಂಬರಿನಲ್ಲಿ, ಸುಮಾರು 3.23 ಲಕ್ಷ ಕಾರುಗಳ ತಂತ್ರಾಂಶ ತಿದ್ದುವುದಾಗಿ ಕಂಪನಿ ಪ್ರಕಟಿಸಿತು. ಮೈಲೇಜ್ ಇಳಿದೀತು, ಏರಿನಲ್ಲಿ ಎಳೆತ ಕುಗ್ಗೀತು, ಕವಾಟ ಕಟ್ಟಿಕೊಂಡೀತು ಎಂಬ ಮಾಲೀಕರ ಅಂಜಿಕೆ ಬರಿಯ ಗುಮಾನಿಯಲ್ಲ. ಹೊಗೆ ಹೆಚ್ಚು ಮರಳಿಸಿದರೆ ಮಸಿ ಹೆಚ್ಚುವುದು ರಸಾಯನ ವಿಜ್ಞಾನವೇ.

2022ರ ಜುಲೈಯಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತಿದ್ದಿದ ತಂತ್ರಾಂಶವನ್ನೇ ಪರಿಶೀಲಿಸಿತು. ಹೊರಗಿನ ಉಷ್ಣತೆ 15ರಿಂದ 33 ಡಿಗ್ರಿ ಸೆಲ್ಸಿಯಸ್ ಮತ್ತು ಎತ್ತರ 1000 ಮೀಟರಿಗಿಂತ ಕಡಿಮೆ ಇದ್ದಾಗ ಮಾತ್ರ ಅದು ಹೊಗೆಯನ್ನು ಪೂರ್ಣ ಪ್ರಮಾಣದಲ್ಲಿ ಮರಳಿಸುತ್ತಿತ್ತು. ಇದೂ ನಿಷೇಧಿತ ತಂತ್ರದ ಸಾಲಿಗೇ ಸೇರುತ್ತದೆ ಎಂದಿತು ನ್ಯಾಯಾಲಯ. ತೀರ್ಪು ಯುರೋಪಿನ ಕಾರುಗಳಿಗೆ ಸಂಬಂಧಿಸಿದ್ದು ನಿಜ. ಆದರೂ ಲೆಕ್ಕ ಹಾಕಿ ನೋಡಿ: ಸಕಲೇಶಪುರ ಪಟ್ಟಣವೇ ಸುಮಾರು 950 ಮೀಟರ್ ಎತ್ತರದಲ್ಲಿದೆ, ಸುತ್ತಲಿನ ಹಲವು ಗುಡ್ಡಗಳು ಸಾವಿರ ಮೀಟರ್ ದಾಟುತ್ತವೆ. ಆಲೂರಿನ ಕಡೆಯ ಚಳಿಗಾಲದ ಬೆಳಗು 15 ಡಿಗ್ರಿಗಿಂತ ತಣ್ಣಗಿರುವುದು ಅಪರೂಪವಲ್ಲ. ಅಂಥ ತಂತ್ರಾಂಶ ಇಲ್ಲಿ ಎಷ್ಟು ಹೊತ್ತು ಎಚ್ಚರವಾಗಿದ್ದೀತು?

ಸಂಶಯವಿದ್ದ ಮಾಲೀಕ ಪೇಟೆಯ ಹೊಗೆ ತಪಾಸಣಾ ಕೇಂದ್ರಕ್ಕೆ ಹೋದರೂ ಉತ್ತರ ಸಿಗದು. ಅಲ್ಲಿ ಡೀಸೆಲ್ ಕಾರನ್ನು ನಿಂತಲ್ಲೇ ಗುರುಗುಟ್ಟಿಸಿ ಹೊಗೆಯ ದಟ್ಟಣೆಯನ್ನಷ್ಟೇ ಅಳೆಯುತ್ತಾರೆ, ನೈಟ್ರೊಜನ್ ಆಕ್ಸೈಡುಗಳನ್ನಲ್ಲ. ಕಾರನ್ನು ರಸ್ತೆಯಲ್ಲಿ ಓಡಿಸಿಯೇ ಅಳೆಯುವ ನಿಯಮ ನಮ್ಮಲ್ಲಿ ಹೊಸ ಮಾದರಿಗಳಿಗೆ 2023ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಅದಕ್ಕೆ ಮೊದಲು ಮಾರಾಟವಾದ ಕಾರುಗಳಿಗೆ ಅದು ಅನ್ವಯಿಸುವುದಿಲ್ಲ.