ಪುಟ್ಟ ಪೆಟ್ಟಿಗೆ, ಪ್ರಾಮಾಣಿಕ ದನಿ

ಮನೆಗೆ ಹೊಸ ಸ್ಪೀಕರ್ ತರುವಾಗ ಮಕ್ಕಳ ಮೊದಲ ಪ್ರಶ್ನೆ ‘ಎಷ್ಟು ವಾಟ್?’ ತಂದೆತಾಯಿಯರ ಮೊದಲ ಪ್ರಶ್ನೆ ‘ಎಷ್ಟು ರೂಪಾಯಿ?’ ಅದರಿಂದ ಹೊರಡುವ ದನಿ ಎಷ್ಟು ನಿಜ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯಿಂದಲೇ ಹೊರಟ ಎಂಜಿನಿಯರುಗಳು 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಒಂದು ಪುಟ್ಟ ಧ್ವನಿವರ್ಧಕವನ್ನು ರೂಪಿಸಿದರು. ಹೆಸರು ಎಲ್‌ಎಸ್ 3/5ಎ. ತವರು, ಬಿಬಿಸಿಯ ಸಂಶೋಧನಾ ವಿಭಾಗ. ಸಂಗೀತಪ್ರಿಯರು ಇಂದಿಗೂ ಅದನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ವ್ಯಾನಿನೊಳಗಿನ ಸಮಸ್ಯೆ

ಹೊರಾಂಗಣ ಪ್ರಸಾರಕ್ಕೆ ಹೋಗುವ ವ್ಯಾನಿನಲ್ಲಿ ಕುಳಿತ ತಂತ್ರಜ್ಞ, ಪ್ರಸಾರವಾಗುವ ಧ್ವನಿ ಸರಿಯಿದೆಯೇ ಎಂದು ಕೇಳಿ ನಿರ್ಧರಿಸಬೇಕು. ಸ್ಟುಡಿಯೊದ ದೊಡ್ಡ ಧ್ವನಿವರ್ಧಕಗಳಿಗೆ ಅಲ್ಲಿ ಜಾಗವಿಲ್ಲ. ಅದೇ ಸಮಯದಲ್ಲಿ ಸಂಶೋಧನಾ ವಿಭಾಗದಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ಸ್ಟುಡಿಯೊಗಳ ಎಂಟನೇ ಒಂದರಷ್ಟು ಗಾತ್ರದ ಮಾದರಿಗಳನ್ನು ಮಾಡಿ, ಧ್ವನಿಯ ಆವೃತ್ತಿಯನ್ನು ಎಂಟು ಪಟ್ಟು ಹೆಚ್ಚಿಸಿ, ಕಟ್ಟಡದ ಶ್ರವಣಗುಣವನ್ನು ಮೊದಲೇ ಅಳೆಯುವ ಪ್ರಯತ್ನ ಅದು. ಅದಕ್ಕಾಗಿ ತಯಾರಾದ ಚಿಕ್ಕ ಧ್ವನಿವರ್ಧಕದ ದನಿ ನಿರೀಕ್ಷೆಗಿಂತ ಚೆನ್ನಾಗಿತ್ತು. ವ್ಯಾನಿಗೆ ಇದೇ ಏಕಾಗಬಾರದು ಎಂಬ ಯೋಚನೆ ಮೊಳೆಯಿತು.

ಗಾಳಿಯೇ ಸ್ಪ್ರಿಂಗ್

ಪೆಟ್ಟಿಗೆಯ ಎತ್ತರ 30 ಸೆಂಟಿಮೀಟರ್, ಅಗಲ 19, ಆಳ ಸುಮಾರು 16. ಒಳಗೆ ಹಿಡಿಯುವ ಗಾಳಿ ಸುಮಾರು 5 ಲೀಟರ್ ಮಾತ್ರ. ಕಷ್ಟವಿರುವುದೇ ಇಲ್ಲಿ. 50 ಹರ್ಟ್ಸ್‌ನ ಮಂದ್ರ ಸ್ವರದ ತರಂಗದೂರ ಸುಮಾರು 7 ಮೀಟರ್. ಅಂಥ ಅಲೆ ಎಬ್ಬಿಸಲು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಆವೃತ್ತಿ ಅರ್ಧಕ್ಕಿಳಿದರೆ, ಅಷ್ಟೇ ಗಟ್ಟಿ ದನಿಗಾಗಿ ಸ್ಪೀಕರಿನ ಶಂಕು ನಾಲ್ಕು ಪಟ್ಟು ದೂರ ಚಲಿಸಬೇಕು. ಜೊತೆಗೆ ಮುಚ್ಚಿದ ಪೆಟ್ಟಿಗೆಯ ಗಾಳಿ ಸ್ಪ್ರಿಂಗಿನಂತೆ ಶಂಕುವನ್ನು ಹಿಂದಕ್ಕೆ ಒತ್ತುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ, ಮಂದ್ರ ಸ್ವರ ಅಷ್ಟೂ ದುರ್ಬಲ.

ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿನಲ್ಲಿ ಗಟ್ಟಿ ದನಿ – ಮೂರನ್ನೂ ಒಟ್ಟಿಗೆ ಕೊಡಲು ಪ್ರಕೃತಿ ಒಪ್ಪುವುದಿಲ್ಲ, ಎರಡನ್ನು ಆರಿಸಿಕೊಳ್ಳಬೇಕು. ಬಿಬಿಸಿಯವರು ಗಟ್ಟಿತನವನ್ನು ಬಿಟ್ಟರು. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 83 ಡೆಸಿಬೆಲ್ ಮಾತ್ರ. ಮಂದ್ರವೂ ಸುಮಾರು 70 ಹರ್ಟ್ಸ್‌ಗೆ ನಿಂತಿತು. ಅದಕ್ಕಿಂತ ಸ್ವಲ್ಪ ಮೇಲಿನ ಸ್ವರಗಳು ಕೊಂಚ ಉಬ್ಬಿರುವುದರಿಂದ ಕೇಳುಗರಿಗೆ ಆ ಕೊರತೆ ಅಷ್ಟಾಗಿ ತಟ್ಟುವುದಿಲ್ಲ.

ಕೆಲಸ ಹಂಚಿಕೆ

ಒಂದೇ ಶಂಕು ಎಲ್ಲ ಸ್ವರಗಳನ್ನೂ ಚೆನ್ನಾಗಿ ನುಡಿಸಲಾರದು. ಸುಮಾರು 3,000 ಹರ್ಟ್ಸ್‌ಗಿಂತ ಕೆಳಗಿನದು ದೊಡ್ಡ ಘಟಕಕ್ಕೆ, ಮೇಲಿನದು ಕೇವಲ 19 ಮಿಲಿಮೀಟರ್ ಗುಮ್ಮಟವಿರುವ ಚಿಕ್ಕ ಘಟಕಕ್ಕೆ. ಹಂಚುವುದು ತಾಮ್ರದ ಸುರುಳಿ ಮತ್ತು ಕೆಪಾಸಿಟರುಗಳ ಜಾಲ. ಸುರುಳಿ ಹೆಚ್ಚಿನ ಆವೃತ್ತಿಯನ್ನು ತಡೆಯುತ್ತದೆ, ಕೆಪಾಸಿಟರ್ ಕಡಿಮೆ ಆವೃತ್ತಿಯನ್ನು ತಡೆಯುತ್ತದೆ. ಪಿಯುಸಿ ಪಾಠದ ಸೂತ್ರಗಳೇ ಇಲ್ಲಿ ದುಡಿಯುತ್ತವೆ.

ಪೆಟ್ಟಿಗೆ ತಾನೇ ನುಡಿಯಬಾರದು. ವೀಣೆಗೆ ಮರದ ದನಿ ಬೇಕು; ಧ್ವನಿವರ್ಧಕಕ್ಕೆ ಬೇಡ. ಆದ್ದರಿಂದ ತೆಳುವಾದ ಬರ್ಚ್ ಪ್ಲೈವುಡ್ ಹಲಗೆಗಳ ಒಳಮೈಗೆ ಕಂಪನ ತಗ್ಗಿಸುವ ಹಾಳೆ ಅಂಟಿಸಿದರು. ಪೆಟ್ಟಿಗೆಯ ಅಂಚಿಗೆ ಬಡಿದು ಚದುರುವ ಧ್ವನಿಯನ್ನು ಹೀರಲು ಚಿಕ್ಕ ಘಟಕದ ಸುತ್ತ ದಪ್ಪ ಫೆಲ್ಟ್ ಪಟ್ಟಿ ಇಟ್ಟರು.

‘ಎ’ ಬಂದ ಬಗೆ

ಎಲ್‌ಎಸ್ 3/5 ಎಂಬ ಮೊದಲ ಮಾದರಿ ಯಶಸ್ವಿಯಾಯಿತು. ಆದರೆ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಲು ಹೊರಟಾಗ, ಹೊರಗಿನಿಂದ ತರಿಸುವ ಘಟಕಗಳ ಗುಣವೇ ಬದಲಾಗಿತ್ತು. ಹಳೆಯ ಜಾಲ ಅವುಗಳಿಗೆ ಹೊಂದಲಿಲ್ಲ. ಹೇಗೋ ಸರಿಹೊಂದಿಸಿ ಕಳಿಸಬಹುದಿತ್ತು. ಎಂಜಿನಿಯರುಗಳು ಹಾಗೆ ಮಾಡದೆ ವಿನ್ಯಾಸವನ್ನೇ ತಿದ್ದಿದರು. ಹೆಸರಿನ ಕೊನೆಯ ‘ಎ’ ಆ ಮರುದುಡಿಮೆಯ ಗುರುತು. ಪ್ರತಿ ಘಟಕದ ಸಣ್ಣಪುಟ್ಟ ವ್ಯತ್ಯಾಸ ಸರಿಪಡಿಸಲು ಜಾಲದಲ್ಲೇ ಅನುಕೂಲ ಕಲ್ಪಿಸಿದರು. ಹಾರ್ವುಡ್, ವಾಟನ್ ಮತ್ತು ಮಿಲ್ಸ್ ಬರೆದ ವಿನ್ಯಾಸದ ವರದಿಯನ್ನು ಬಿಬಿಸಿ 1976ರಲ್ಲಿ ಪ್ರಕಟಿಸಿತು.

ಮಾತೇ ಪರೀಕ್ಷೆ

ಅಳತೆಯ ಉಪಕರಣಗಳಿದ್ದರೂ ಕೊನೆಯ ತೀರ್ಪು ಕಿವಿಯದು. ಸ್ಟುಡಿಯೊದಲ್ಲಿ ಒಬ್ಬರು ಮಾತನಾಡುವುದನ್ನು ನೇರವಾಗಿ ಕೇಳಿ, ಅದೇ ಮಾತನ್ನು ಧ್ವನಿವರ್ಧಕದಲ್ಲಿ ಕೇಳಿ ಹೋಲಿಸುವುದು ಬಿಬಿಸಿಯ ಪದ್ಧತಿ. ಮನುಷ್ಯನ ದನಿ ನಮಗೆ ಎಲ್ಲಕ್ಕಿಂತ ಪರಿಚಿತ. ಅದರಲ್ಲಿ ಚೂರು ವ್ಯತ್ಯಾಸವಾದರೂ ಕಿವಿ ಹಿಡಿದುಬಿಡುತ್ತದೆ.

ಈ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಸ್ಪೀಕರಿನಲ್ಲಿ ಹಾಕಿ. ಮೊಬೈಲಿನ ಮೈಕಿಗೂ ಮಿತಿಯಿದೆ. ಆದ್ದರಿಂದ ಅದೇ ಮುದ್ರಿಕೆಯನ್ನು ಎರಡು ಮೂರು ಸ್ಪೀಕರುಗಳಲ್ಲಿ ಕೇಳಿ ಹೋಲಿಸಿ. ಕಣ್ಣು ಮುಚ್ಚಿ ಕೇಳಿದಾಗ ಅಜ್ಜಿ ಎದುರಿಗೇ ಕುಳಿತಂತೆ ಅನ್ನಿಸಿದರೆ ಆ ಸ್ಪೀಕರ್ ಒಳ್ಳೆಯದು, ಅದರ ಮೇಲೆ ಎಷ್ಟೇ ವಾಟ್ ಎಂದು ಬರೆದಿರಲಿ.